ಕಾರ್ಲ್ ಪಾಲ್ ಲಿಂಕ್

ಕಾರ್ಲ್ ಪಾಲ್ ಲಿಂಕ್ (ಜನವರಿ ೩೧, ೧೯೦೧ – ನವೆಂಬರ್ ೨೧, ೧೯೭೮) ಅಮೆರಿಕದ ಜೀವರಸಾಯನಶಾಸ್ತ್ರಜ್ಞರು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಡೈಕುಮರಾಲ್ ಮತ್ತು ವಾರ್ಫರಿನ್ ಎಂಬ ಔಷಧಗಳ ಶೋಧನೆ ಅವರ ಪ್ರಯೋಗಾಲಯದಲ್ಲಿ ನಡೆಯಿತು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅವರು ೧೯೨೭ರಿಂದ ೧೯೭೧ರವರೆಗೆ ಅಧ್ಯಾಪಕರಾಗಿದ್ದರು. ಮೊದಲು ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದ ವಾರ್ಫರಿನ್ ೧೯೫೪ರಿಂದ ಮನುಷ್ಯರ ಚಿಕಿತ್ಸೆಯಲ್ಲಿ ಬಳಕೆಗೆ ಬಂದಿತು. ಕೃತಕ ಹೃದಯ ಕವಾಟವುಳ್ಳವರಿಗೂ ರಕ್ತನಾಳಗಳಲ್ಲಿ ಕರಣೆ ಕಟ್ಟುವ ತೊಂದರೆಯುಳ್ಳವರಿಗೂ ಇಂದಿಗೂ ಇದನ್ನು ಕೊಡಲಾಗುತ್ತಿದೆ. ಪ್ರಮಾಣ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ರಕ್ತಸ್ರಾವವಾಗುತ್ತದೆ. ಆದ್ದರಿಂದ ಈ ಔಷಧವನ್ನು ಸೇವಿಸುವವರ ರಕ್ತವನ್ನು ಮತ್ತೆ ಮತ್ತೆ ಅಳೆಯಬೇಕಾಗುತ್ತದೆ. ಇಂದು ರೋಗಿಗಳು ಮನೆಯಲ್ಲೇ ಬಳಸುವ ಅಳತೆಯ ಉಪಕರಣಗಳ ವಿಶ್ವಾಸಾರ್ಹತೆಯ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಜನನ ಮತ್ತು ವಿದ್ಯಾಭ್ಯಾಸ

ಲಿಂಕ್ ಅವರು ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ ಜನಿಸಿದರು. ಅವರ ತಂದೆ ಜರ್ಮನ್ ಮೂಲದ ಲೂಥರನ್ ಪಾದ್ರಿಯಾಗಿದ್ದರು. ಮನೆಯಲ್ಲಿ ಹತ್ತು ಮಂದಿ ಮಕ್ಕಳು. ೧೯೧೮ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕೃಷಿ ಕಾಲೇಜನ್ನು ಸೇರಿ, ಕೃಷಿ ರಸಾಯನಶಾಸ್ತ್ರದಲ್ಲಿ ೧೯೨೩ರಲ್ಲಿ ಸ್ನಾತಕೋತ್ತರ ಪದವಿಯನ್ನೂ ೧೯೨೫ರಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು.

ಅನಂತರ ವಿದ್ಯಾರ್ಥಿವೇತನ ಪಡೆದು ಯೂರೋಪಿಗೆ ತೆರಳಿದರು. ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದಲ್ಲಿ ಶರ್ಕರಗಳ ರಸಾಯನಶಾಸ್ತ್ರಜ್ಞ ಸರ್ ಜೇಮ್ಸ್ ಇರ್ವಿನ್ ಅವರ ಬಳಿ ಸ್ವಲ್ಪ ಕಾಲ ಕೆಲಸ ಮಾಡಿದರು. ಆಸ್ಟ್ರಿಯಾದ ಗ್ರಾಟ್ಸ್ ನಗರದಲ್ಲಿ ನೊಬೆಲ್ ಪುರಸ್ಕೃತ ಫ್ರಿಟ್ಸ್ ಪ್ರೆಗ್ಲ್ ಅವರಿಂದ ಸೂಕ್ಷ್ಮ ವಿಶ್ಲೇಷಣೆಯ ವಿಧಾನವನ್ನು ಕಲಿತರು. ಕೆಲವೇ ಮಿಲಿಗ್ರಾಂ ವಸ್ತುವಿನಿಂದ ಅದರ ರಾಸಾಯನಿಕ ಘಟಕಗಳನ್ನು ನಿರ್ಧರಿಸುವ ಈ ವಿದ್ಯೆ ಮುಂದೆ ಅವರ ಪ್ರಯೋಗಾಲಯಕ್ಕೆ ಬಹಳ ಉಪಯೋಗಕ್ಕೆ ಬಂದಿತು. ಜ್ಯೂರಿಕ್‌ನಲ್ಲಿ ಪಾಲ್ ಕ್ಯಾರರ್ ಅವರೊಂದಿಗೆ ಇದ್ದಾಗ ಕ್ಷಯರೋಗ ತಗುಲಿ ದಾವೋಸ್‌ನಲ್ಲಿ ಶುಶ್ರೂಷೆ ಪಡೆಯಬೇಕಾಯಿತು. ೧೯೨೭ರಲ್ಲಿ ಮ್ಯಾಡಿಸನ್ನಿಗೆ ಮರಳಿ ಸಹಾಯಕ ಪ್ರಾಧ್ಯಾಪಕರಾದರು, ಮರುವರ್ಷವೇ ಸಹ ಪ್ರಾಧ್ಯಾಪಕರಾಗಿ ಬಡ್ತಿ ಪಡೆದರು. ಆರಂಭದ ಸಂಶೋಧನೆಯೆಲ್ಲ ಸಸ್ಯಗಳ ಶರ್ಕರಗಳು ಮತ್ತು ಸಸ್ಯಗಳ ರೋಗನಿರೋಧಕ ಗುಣವನ್ನು ಕುರಿತದ್ದು. ರಕ್ತಕ್ಕೂ ಅವರಿಗೂ ಆಗ ಯಾವ ಸಂಬಂಧವೂ ಇರಲಿಲ್ಲ.

ಸ್ವೀಟ್ ಕ್ಲೋವರ್ ರೋಗ

೧೯೨೦ರ ದಶಕದ ಆರಂಭದಲ್ಲಿ ಕೆನಡಾ ಹಾಗೂ ಅಮೆರಿಕದ ಉತ್ತರ ಭಾಗದ ಬಯಲು ಸೀಮೆಯಲ್ಲಿ ದನಗಳು ವಿಚಿತ್ರವಾದ ರೋಗದಿಂದ ಸಾಯತೊಡಗಿದವು. ಕೊಂಬು ಕತ್ತರಿಸಿದರೆ, ಬೀಜ ಒಡೆದರೆ, ಕೆಲವೊಮ್ಮೆ ಯಾವ ಗಾಯವೂ ಇಲ್ಲದೆ, ರಕ್ತಸ್ರಾವ ಆರಂಭವಾಗಿ ನಿಲ್ಲುತ್ತಲೇ ಇರಲಿಲ್ಲ. ಆ ಸೀಮೆಯ ರೈತರು ಸ್ವೀಟ್ ಕ್ಲೋವರ್ ಎಂಬ ದ್ವಿದಳ ಮೇವಿನ ಬೆಳೆಯನ್ನು ಬೆಳೆಯುತ್ತಿದ್ದರು. ಯೂರೋಪಿನಿಂದ ಬಂದ ಈ ಗಿಡ ಸಾರವಿಲ್ಲದ ನೆಲದಲ್ಲೂ ಹುಲುಸಾಗಿ ಬೆಳೆಯುತ್ತದೆ. ಕೊಯ್ದು ಒಣಗಿಸಿ ಬಣವೆ ಹಾಕುವ ಕಾಲದಲ್ಲಿ ಮಳೆ ಬಂದರೆ ಮೇವು ಬೂಷ್ಟು ಹಿಡಿಯುತ್ತದೆ.

ಒಂಟಾರಿಯೋ ಪಶುವೈದ್ಯ ಕಾಲೇಜಿನ ಫ್ರಾಂಕ್ ಸ್ಕೋಫೀಲ್ಡ್ ಅವರು ಕಾರಣವನ್ನು ಮೊದಲು ಗುರುತಿಸಿದವರು. (ಇದಕ್ಕೆ ಮುನ್ನ ಅವರು ಕೊರಿಯಾದಲ್ಲಿ ಮಿಷನರಿಯಾಗಿದ್ದು, ೧೯೧೯ರ ಸ್ವಾತಂತ್ರ್ಯ ಚಳವಳಿಯ ಛಾಯಾಚಿತ್ರಗಳನ್ನು ತೆಗೆದವರು. ಅವರ ಸಮಾಧಿ ಕೊರಿಯಾದ ರಾಷ್ಟ್ರೀಯ ಸ್ಮಶಾನದಲ್ಲಿದೆ.) ಒಂದೇ ಬಣವೆಯಿಂದ ಒಳ್ಳೆಯ ಕಡ್ಡಿಗಳನ್ನೂ ಬೂಷ್ಟು ಹಿಡಿದ ಕಡ್ಡಿಗಳನ್ನೂ ಬೇರ್ಪಡಿಸಿ ಎರಡು ಮೊಲಗಳಿಗೆ ತಿನ್ನಿಸಿದಾಗ, ಒಳ್ಳೆಯ ಮೇವು ತಿಂದ ಮೊಲ ಬದುಕಿತು, ಇನ್ನೊಂದು ರಕ್ತಸ್ರಾವದಿಂದ ಸತ್ತಿತು. ಉತ್ತರ ಡಕೋಟಾದ ಲೀ ರೋಡರಿಕ್ ಅವರು ೧೯೩೧ರ ವೇಳೆಗೆ, ರೋಗ ಬಂದ ದನಗಳ ರಕ್ತದಲ್ಲಿ ಪ್ರೋಥ್ರಾಂಬಿನ್ ಎಂಬ ಹೆಪ್ಪುಗಟ್ಟಿಸುವ ಅಂಶವು ಕುಗ್ಗಿರುವುದನ್ನು ತೋರಿಸಿದರು. ಆರೋಗ್ಯವಂತ ದನದ ರಕ್ತವನ್ನು ಕೊಟ್ಟರೆ ರೋಗಿ ದನ ಚೇತರಿಸಿಕೊಳ್ಳುತ್ತಿತ್ತು. ಮೇವಿನಲ್ಲಿರುವ ವಿಷವಸ್ತು ಯಾವುದೆಂಬುದು ಮಾತ್ರ ತಿಳಿದಿರಲಿಲ್ಲ.

೧೯೩೩ರ ಫೆಬ್ರವರಿ

ಲಿಂಕ್ ಅವರು ಈ ರೋಗದ ಬಗ್ಗೆ ಕೇಳಿದ್ದು ೧೯೩೨ರ ಡಿಸೆಂಬರಿನಲ್ಲಿ ಮಿನ್ನೆಸೋಟಾಕ್ಕೆ ಹೋದಾಗ. ಮರುತಿಂಗಳು ಅವರದೇ ವಿಶ್ವವಿದ್ಯಾಲಯದ ತಳಿವಿಜ್ಞಾನಿಗಳು, ಕುಮರಿನ್ ಕಡಿಮೆಯಿರುವ ಕ್ಲೋವರ್ ತಳಿಯನ್ನು ಬೆಳೆಸುವ ಕೆಲಸದಲ್ಲಿ ಅವರ ನೆರವನ್ನು ಕೋರಿದರು. ಕುಮರಿನ್ ಎಂಬುದು ಹೊಸದಾಗಿ ಕೊಯ್ದ ಹುಲ್ಲಿಗೆ ಸುವಾಸನೆ ಕೊಡುವ ವಸ್ತು. ಬಾಯಿಗೆ ಕಹಿಯಾದ್ದರಿಂದ ದನಗಳು ಕುಮರಿನ್ ಹೆಚ್ಚಿರುವ ಮೇವನ್ನು ಇಷ್ಟಪಡುವುದಿಲ್ಲ.

ಆ ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ, ಹಿಮಬಿರುಗಾಳಿಯ ನಡುವೆ, ಡೀರ್ ಪಾರ್ಕ್ ಪ್ರದೇಶದ ಒಬ್ಬ ರೈತ ಸುಮಾರು ಮುನ್ನೂರು ಕಿಲೋಮೀಟರ್ ದೂರದಿಂದ ಟ್ರಕ್ಕಿನಲ್ಲಿ ಮ್ಯಾಡಿಸನ್ನಿಗೆ ಬಂದರು. ಅವರ ಬಳಿ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು ಮತ್ತು ಸುಮಾರು ನಲವತ್ತೈದು ಕಿಲೋ ಬೂಷ್ಟು ಹಿಡಿದ ಕ್ಲೋವರ್ ಇತ್ತು. ಅವರು ಕಾಣಬೇಕೆಂದಿದ್ದದ್ದು ಸರ್ಕಾರಿ ಪಶುವೈದ್ಯರನ್ನು. ಆ ಕಚೇರಿ ಮುಚ್ಚಿತ್ತು. ಬಾಗಿಲು ತೆರೆದಿದ್ದ ಕೃಷಿ ರಸಾಯನಶಾಸ್ತ್ರದ ಕಟ್ಟಡಕ್ಕೆ ಬಂದಾಗ ಅಲ್ಲಿ ಲಿಂಕ್ ಅವರೂ ಅವರ ಸಹಾಯಕ ಯೂಜಿನ್ ಶೋಫೆಲ್ ಅವರೂ ಇದ್ದರು.

ಲಿಂಕ್ ಅವರು ಆ ದಿನ ಕೊಡಬಲ್ಲ ಸಲಹೆ ಬಹಳ ಅಲ್ಪವಾಗಿತ್ತು: ಆ ಮೇವನ್ನು ನಿಲ್ಲಿಸುವುದು, ಸಾಧ್ಯವಾದರೆ ಆರೋಗ್ಯವಂತ ದನದ ರಕ್ತವನ್ನು ರೋಗಿ ದನಕ್ಕೆ ಕೊಡಿಸುವುದು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಬೇರೆ ಮೇವು ಕೊಳ್ಳಲು ಹಣವಿಲ್ಲದ ರೈತನಿಗೆ ಇದರಿಂದ ಹೆಚ್ಚಿನ ಪ್ರಯೋಜನವಾಗುವಂತಿರಲಿಲ್ಲ. ರೈತ ಹಿಂದಿರುಗಿದ ಮೇಲೆ ಶೋಫೆಲ್ ಅವರು ಕ್ಯಾನಿನ ರಕ್ತದ ಮೇಲೆ ಅಂದೇ ಪರೀಕ್ಷೆ ಆರಂಭಿಸಿದರು. ಪ್ರಯೋಗಾಲಯದ ದಿಕ್ಕು ಬದಲಾದದ್ದು ಈ ಭೇಟಿಯ ಬಳಿಕವೇ. ಆದರೆ ರೈತನ ಕಥೆಯೊಂದೇ ಶೋಧನೆಗೆ ಕಾರಣವೆಂದು ಹೇಳುವ ಜನಪ್ರಿಯ ಬರಹಗಳು ಅದಕ್ಕೆ ಮುಂಚಿನ ಹತ್ತು ವರ್ಷಗಳ ಪಶುವೈದ್ಯರ ಕೆಲಸವನ್ನು ಮರೆತಂತಾಗುತ್ತದೆ.

ಅಳತೆಯ ಸಮಸ್ಯೆ ಮತ್ತು ಡೈಕುಮರಾಲ್

ವಿಷವಸ್ತುವನ್ನು ಬೇರ್ಪಡಿಸಲು ಆರು ವರ್ಷಗಳಿಗೂ ಮಿಕ್ಕ ಕಾಲ ಹಿಡಿಯಿತು. ಇದಕ್ಕೆ ಮುಖ್ಯ ಕಾರಣ ರಸಾಯನಶಾಸ್ತ್ರದ ಕಷ್ಟಕ್ಕಿಂತ ಅಳತೆಯ ಕಷ್ಟ. ಮೇವಿನಿಂದ ತೆಗೆದ ಸಾರವನ್ನು ಹಲವು ಭಾಗಗಳಾಗಿ ವಿಂಗಡಿಸಿದಾಗ, ವಿಷ ಯಾವ ಭಾಗದಲ್ಲಿದೆ ಎಂದು ತಿಳಿಯಲು ನಂಬಲರ್ಹವಾದ ಪರೀಕ್ಷೆ ಬೇಕು. ಆ ವಸ್ತುವನ್ನು ಗಾಜಿನ ನಳಿಗೆಯಲ್ಲಿರುವ ರಕ್ತಕ್ಕೆ ಬೆರೆಸಿದರೆ ಏನೂ ಆಗುವುದಿಲ್ಲ. ಅದು ದೇಹದೊಳಗೆ ಹೋಗಿ, ಯಕೃತ್ತಿನಲ್ಲಿ ಹೆಪ್ಪುಗಟ್ಟಿಸುವ ಅಂಶಗಳ ತಯಾರಿಯನ್ನು ತಡೆದು, ಮೊದಲೇ ರಕ್ತದಲ್ಲಿರುವ ಅಂಶಗಳು ಸವೆದ ಮೇಲಷ್ಟೇ ಪರಿಣಾಮ ಕಾಣುತ್ತದೆ. ಆದ್ದರಿಂದ ಮೊಲಗಳಿಗೆ ತಿನ್ನಿಸಿ ಕಾಯಬೇಕಾಗಿತ್ತು. ಒಂದು ಮೊಲದಂತೆ ಇನ್ನೊಂದು ಮೊಲ ಇರುವುದಿಲ್ಲ. ಕೆಲವಕ್ಕೆ ಬೇಗ ತಾಗುತ್ತದೆ, ಕೆಲವಕ್ಕೆ ತಾಗುವುದೇ ಇಲ್ಲ.

ಅದೇ ವಿಸ್ಕಾನ್ಸಿನ್ ರಾಜ್ಯದ ಮಿಲ್‌ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿದ್ದ ಆರ್ಮಂಡ್ ಕ್ವಿಕ್ ಅವರು ೧೯೩೫ರಲ್ಲಿ ಪ್ರೋಥ್ರಾಂಬಿನ್ ಕಾಲದ ಪರೀಕ್ಷೆಯನ್ನು ಪ್ರಕಟಿಸಿದರು. ಇದರಲ್ಲಿ ಮೊದಲು ರಕ್ತದ ಸುಣ್ಣದ ಅಂಶವನ್ನು ಕಟ್ಟಿಹಾಕಿ ಹೆಪ್ಪುಗಟ್ಟದಂತೆ ಇಡಲಾಗುತ್ತದೆ. ಬಳಿಕ ಕಣಗಳನ್ನು ಬೇರ್ಪಡಿಸಿದ ರಕ್ತದ್ರವಕ್ಕೆ ಥ್ರಾಂಬೋಪ್ಲಾಸ್ಟಿನ್ ಎಂಬ ಅಂಗಾಂಶದ ಸಾರವನ್ನೂ (ಆಗ ಅದನ್ನು ಮೊಲದ ಮೆದುಳಿನಿಂದ ತಯಾರಿಸುತ್ತಿದ್ದರು) ಕ್ಯಾಲ್ಸಿಯಮ್ಮನ್ನೂ ಸೇರಿಸಿ, ಕರಣೆ ಕಟ್ಟಲು ಎಷ್ಟು ಸೆಕೆಂಡು ಹಿಡಿಯುತ್ತದೆ ಎಂದು ಎಣಿಸುತ್ತಾರೆ. ಲಿಂಕ್ ಅವರ ಶಿಷ್ಯರು ರಕ್ತದ್ರವವನ್ನು ತೆಳುವಾಗಿಸಿ ಈ ಪರೀಕ್ಷೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು, ಔಷಧಕ್ಕೆ ಏಕರೀತಿಯಾಗಿ ಪ್ರತಿಕ್ರಿಯಿಸುವ ಮೊಲಗಳನ್ನು ಆರಿಸಿಕೊಂಡರು. ಅಳತೆ ಸ್ಥಿರವಾದ ಬಳಿಕವೇ ಶುದ್ಧೀಕರಣದ ಕೆಲಸ ಮುಂದಕ್ಕೆ ಸಾಗಿತು.

೧೯೩೯ರ ಜೂನ್ ತಿಂಗಳ ಕೊನೆಯ ವಾರ, ರಾತ್ರಿಯಿಡೀ ಕೆಲಸ ಮಾಡಿದ ಹೆರಾಲ್ಡ್ ಕ್ಯಾಂಪ್‌ಬೆಲ್ ಅವರಿಗೆ ಬೆಳಗಿನ ಜಾವದಲ್ಲಿ ಆ ವಸ್ತುವಿನ ಹರಳುಗಳು ಕಂಡವು. ದೊರೆತದ್ದು ಕೆಲವೇ ಮಿಲಿಗ್ರಾಂ. ಮಾರ್ಕ್ ಸ್ಟಾಮನ್ ಅವರು ದೊಡ್ಡ ಪ್ರಮಾಣದಲ್ಲಿ ಮೇವನ್ನು ಸಂಸ್ಕರಿಸಿ ಒಂದೂವರೆ ಗ್ರಾಂಗಿಂತ ಹೆಚ್ಚು ಶುದ್ಧ ವಸ್ತುವನ್ನು ಒದಗಿಸಿದರು. ಚಾರ್ಲ್ಸ್ ಹ್ಯೂಬ್ನರ್ ಅವರೊಂದಿಗೆ ಅವರು ಅದರ ರಚನೆಯನ್ನು ನಿರ್ಧರಿಸಿ, ೧೯೪೦ರ ಏಪ್ರಿಲ್ ವೇಳೆಗೆ ಕೃತಕವಾಗಿ ತಯಾರಿಸಿಯೂ ತೋರಿಸಿದರು. ಮೇವಿನ ನಿರಪಾಯಕಾರಿ ಕುಮರಿನ್ ಅನ್ನು ಬೂಷ್ಟು ಮಾರ್ಪಡಿಸುತ್ತದೆ. ಹಾಗೆ ಮಾರ್ಪಟ್ಟ ಎರಡು ಅಣುಗಳು ಒಂದು ಇಂಗಾಲದ ಪರಮಾಣುವಿನ ಮೂಲಕ ಜೋಡಿಯಾದಾಗ ವಿಷವಸ್ತು ಉಂಟಾಗುತ್ತದೆ. ಇದಕ್ಕೆ ಡೈಕುಮರಾಲ್ ಎಂಬ ಹೆಸರು ನಿಂತಿತು.

೧೯೪೧ರಲ್ಲಿ ಮ್ಯಾಡಿಸನ್ನಿನ ಆಸ್ಪತ್ರೆಯಲ್ಲೂ ಮೇಯೋ ಕ್ಲಿನಿಕ್‌ನಲ್ಲೂ ಡೈಕುಮರಾಲ್ ಅನ್ನು ರೋಗಿಗಳಿಗೆ ಕೊಟ್ಟು ನೋಡಲಾಯಿತು. ಅದುವರೆಗೆ ಇದ್ದ ಹೆಪ್ಪುರೋಧಕ ಹೆಪಾರಿನ್ ಒಂದೇ. ಅದನ್ನು ಚುಚ್ಚುಮದ್ದಿನ ಮೂಲಕ ಮಾತ್ರ ಕೊಡಲು ಸಾಧ್ಯವಿತ್ತು. ಬಾಯಿಯ ಮೂಲಕ ನುಂಗಬಹುದಾದ ಹೆಪ್ಪುರೋಧಕ ದೊರೆತದ್ದು ಇದೇ ಮೊದಲು. ವಿಟಮಿನ್ ಕೆ ಕೊಟ್ಟರೆ ಡೈಕುಮರಾಲಿನ ಪರಿಣಾಮ ಹಿಂದೆ ಸರಿಯುತ್ತದೆ ಎಂಬುದನ್ನೂ ಲಿಂಕ್ ಅವರ ತಂಡ ತೋರಿಸಿತು. ಔಷಧದ ಜೊತೆಗೆ ಅದರ ಪ್ರತ್ಯೌಷಧವೂ ತಿಳಿದಿದ್ದರಿಂದ ವೈದ್ಯರಿಗೆ ಧೈರ್ಯ ಬಂದಿತು.

ವಾರ್ಫರಿನ್: ಇಲಿಪಾಷಾಣದಿಂದ ಔಷಧಕ್ಕೆ

೧೯೪೫ರಲ್ಲಿ ಕುಟುಂಬದೊಂದಿಗೆ ದೋಣಿ ಪ್ರವಾಸಕ್ಕೆ ಹೋಗಿದ್ದ ಲಿಂಕ್ ಅವರಿಗೆ ಕ್ಷಯ ಮರುಕಳಿಸಿತು. ಹಲವು ತಿಂಗಳು ಕ್ಷಯಾರೋಗ್ಯಧಾಮದಲ್ಲಿ ಮಲಗಿರಬೇಕಾಯಿತು. ಆ ಬಿಡುವಿನಲ್ಲಿ ಅವರು ಇಲಿಗಳ ನಿಯಂತ್ರಣದ ಇತಿಹಾಸವನ್ನು ಓದಿದರು. ಪ್ರಯೋಗಾಲಯದಲ್ಲಿ ಅದಾಗಲೇ ತಯಾರಾಗಿದ್ದ ಸುಮಾರು ನೂರೈವತ್ತು ಕುಮರಿನ್ ಸಂಯುಕ್ತಗಳಲ್ಲಿ ಯಾವುದು ಇಲಿಗೆ ತಕ್ಕುದೆಂದು ವಿಚಾರ ಮಾಡಿದಾಗ, ಪಟ್ಟಿಯ ೪೨ನೆಯ ಸಂಯುಕ್ತ ಅವರ ಗಮನ ಸೆಳೆಯಿತು.

ಇಲಿ ಜಾಣ ಪ್ರಾಣಿ. ಪಾಷಾಣ ತಿಂದು ಒಂದು ಸತ್ತರೆ ಉಳಿದವು ಆ ತಿಂಡಿಯ ಹತ್ತಿರ ಸುಳಿಯುವುದಿಲ್ಲ. ೪೨ನೆಯ ಸಂಯುಕ್ತ ಕೆಲವು ದಿನಗಳ ಕಾಲ ಸ್ವಲ್ಪ ಸ್ವಲ್ಪವಾಗಿ ತಿಂದ ಮೇಲೆ ಕೊಲ್ಲುವುದರಿಂದ ಇಲಿಗಳಿಗೆ ಅನುಮಾನ ಬರುತ್ತಿರಲಿಲ್ಲ. ೧೯೪೮ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಸಂಶೋಧನೆಗೆ ಹಣ ಒದಗಿಸಿ ಪೇಟೆಂಟನ್ನು ಪಡೆದ ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಾದ ವಾರ್ಫ್ ಎಂಬುದಕ್ಕೆ ಕುಮರಿನ್ ಪದದ ಬಾಲವನ್ನು ಅಂಟಿಸಿ ವಾರ್ಫರಿನ್ ಎಂದು ಹೆಸರಿಡಲಾಯಿತು.

ಇದು ಡೈಕುಮರಾಲಿಗಿಂತ ಉತ್ತಮ ಔಷಧವಾಗಬಲ್ಲದೆಂದು ಲಿಂಕ್ ಅವರು ಸೂಚಿಸಿದರೂ, ಇಲಿಪಾಷಾಣವನ್ನು ರೋಗಿಗೆ ಕೊಡಲು ವೈದ್ಯರು ಹಿಂಜರಿದರು. ೧೯೫೧ರಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ್ದ ಒಬ್ಬ ಯುವಕ ಆತ್ಮಹತ್ಯೆಯ ಉದ್ದೇಶದಿಂದ ಹಲವು ದಿನ ವಾರ್ಫರಿನ್ ಪಾಷಾಣವನ್ನು ತಿಂದನು. ಆಸ್ಪತ್ರೆಯಲ್ಲಿ ರಕ್ತವನ್ನೂ ವಿಟಮಿನ್ ಕೆಯನ್ನೂ ಕೊಟ್ಟ ಮೇಲೆ ಪೂರ್ಣ ಗುಣಮುಖನಾದನು. ಮನುಷ್ಯನ ಮೇಲಿನ ಪರಿಣಾಮವನ್ನು ಹಿಂದಕ್ಕೆ ತಿರುಗಿಸಬಹುದೆಂಬುದು ಹೀಗೆ ಯಾರೂ ಯೋಜಿಸದ ರೀತಿಯಲ್ಲಿ ಸಾಬೀತಾಯಿತು. ನೀರಿನಲ್ಲಿ ಕರಗುವ ವಾರ್ಫರಿನ್ ಸೋಡಿಯಮ್ ೧೯೫೪ರಲ್ಲಿ ಚಿಕಿತ್ಸೆಗೆ ಒಪ್ಪಿಗೆ ಪಡೆಯಿತು. ೧೯೫೫ರ ಸೆಪ್ಟೆಂಬರಿನಲ್ಲಿ ಹೃದಯಾಘಾತಕ್ಕೊಳಗಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಇದನ್ನು ಕೊಟ್ಟ ಸುದ್ದಿ ಹರಡಿದಾಗ ಸಾರ್ವಜನಿಕರಲ್ಲಿದ್ದ ಭಯ ಬಹುಪಾಲು ಕರಗಿತು. ೧೯೫೩ರಲ್ಲಿ ಸ್ಟಾಲಿನ್ ಅವರ ಸಾವಿಗೆ ವಾರ್ಫರಿನ್ ಕಾರಣವೆಂಬ ಊಹೆಯೂ ಪ್ರಚಾರದಲ್ಲಿದೆ, ಆದರೆ ಅದಕ್ಕೆ ದೃಢವಾದ ಆಧಾರವಿಲ್ಲ.

ವಾರ್ಫರಿನ್ ಹೇಗೆ ಕೆಲಸ ಮಾಡುತ್ತದೆಂಬುದು ಅದರ ಬಳಕೆ ಆರಂಭವಾಗಿ ಇಪ್ಪತ್ತು ವರ್ಷ ಕಳೆದರೂ ಸ್ಪಷ್ಟವಿರಲಿಲ್ಲ. ಬಳಸಿದ ವಿಟಮಿನ್ ಕೆಯನ್ನು ಮತ್ತೆ ಬಳಕೆಗೆ ಯೋಗ್ಯವಾಗಿಸುವ ಕಿಣ್ವವನ್ನು ಅದು ತಡೆಯುತ್ತದೆಂಬ ವಿವರಣೆ ೧೯೭೦ರ ದಶಕದಲ್ಲಿ ರೂಪುಗೊಂಡಿತು. ಈ ಕೆಲಸದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರೇ ಆದ ಜಾನ್ ಸಟ್ಟಿ ಅವರ ಪಾತ್ರ ದೊಡ್ಡದು. ಸೊಪ್ಪು ಹೆಚ್ಚು ತಿಂದ ವಾರ ಔಷಧದ ಪರಿಣಾಮ ತಗ್ಗುವುದೂ, ಕೆಲವು ಪ್ರತಿಜೀವಕಗಳ ಜೊತೆ ಅದು ಏರುವುದೂ ಏಕೆಂಬುದು ಇದರಿಂದ ಅರ್ಥವಾಗುತ್ತದೆ.

ವ್ಯಕ್ತಿತ್ವ ಮತ್ತು ಕೌಟುಂಬಿಕ ಜೀವನ

ಲಿಂಕ್ ಅವರು ೧೯೩೦ರ ಸೆಪ್ಟೆಂಬರ್ ೨೦ರಂದು ಎಲಿಜಬೆತ್ ಫೆಲ್ಡ್‌ಮನ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಮೂವರು ಗಂಡುಮಕ್ಕಳು. ಎಲಿಜಬೆತ್ ಅವರು ಶಾಂತಿ ಚಳವಳಿಯಲ್ಲಿ ಸಕ್ರಿಯರಾಗಿದ್ದರು. ಲಿಂಕ್ ಅವರ ವೇಷಭೂಷಣ ಸಹೋದ್ಯೋಗಿಗಳಿಗಿಂತ ಭಿನ್ನವಾಗಿತ್ತು. ದೊಡ್ಡ ಬೋ ಟೈ, ಫ್ಲಾನೆಲ್ ಅಂಗಿ, ಕೆಲವೊಮ್ಮೆ ಹೆಗಲ ಮೇಲೆ ಇಳಿಬಿಟ್ಟ ನಿಲುವಂಗಿಯಲ್ಲಿ ಅವರು ತರಗತಿಗೆ ಬರುತ್ತಿದ್ದರು. ರಾಜಕೀಯವಾಗಿ ಉದಾರವಾದಿಗಳು. ಕಮ್ಯುನಿಸ್ಟ್ ವಿರೋಧಿ ಶೋಧಗಳ ಭೀತಿ ಹಬ್ಬಿದ್ದ ಕಾಲದಲ್ಲಿ, ಇತರ ಅಧ್ಯಾಪಕರು ಹೆಸರು ಕೊಡಲು ಅಂಜುತ್ತಿದ್ದ ಎಡಪಂಥೀಯ ವಿದ್ಯಾರ್ಥಿ ಸಂಘಗಳಿಗೆ ಅವರು ಸಲಹೆಗಾರರಾಗಿ ನಿಂತರು.

ಪ್ರಶಸ್ತಿಗಳು

ಅವರು ೧೯೪೬ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ೧೯೫೫ರಲ್ಲಿ ಮೂಲ ಸಂಶೋಧನೆಗಾಗಿ ಲಾಸ್ಕರ್ ಪ್ರಶಸ್ತಿಯನ್ನೂ, ೧೯೬೦ರಲ್ಲಿ ಇರ್ವಿಂಗ್ ರೈಟ್ ಹಾಗೂ ಎಡ್ಗರ್ ಆಲೆನ್ ಎಂಬ ವೈದ್ಯರೊಂದಿಗೆ ಚಿಕಿತ್ಸಾ ಸಂಶೋಧನೆಯ ಲಾಸ್ಕರ್ ಪ್ರಶಸ್ತಿಯನ್ನೂ ಪಡೆದರು. ಡೈಕುಮರಾಲ್ ಶೋಧನೆಯ ವೃತ್ತಾಂತವನ್ನು ಅವರೇ ೧೯೫೯ರಲ್ಲಿ ಸರ್ಕ್ಯುಲೇಷನ್ ಪತ್ರಿಕೆಯಲ್ಲಿ ಬರೆದಿದ್ದಾರೆ. ರೈತನ ಭೇಟಿಯ ವಿವರಗಳು ಬಹುಪಾಲು ಆ ಲೇಖನದಿಂದಲೇ ತಿಳಿದುಬಂದವು. ಲಿಂಕ್ ಅವರು ೧೯೭೧ರಲ್ಲಿ ನಿವೃತ್ತರಾಗಿ, ೧೯೭೮ರ ನವೆಂಬರ್ ೨೧ರಂದು ಹೃದಯ ವೈಫಲ್ಯದಿಂದ ನಿಧನ ಹೊಂದಿದರು.

ನಂತರದ ಬೆಳವಣಿಗೆ: ಅಳತೆಯ ವಿಶ್ವಾಸಾರ್ಹತೆ

ಲಿಂಕ್ ಅವರ ಪ್ರಯೋಗಾಲಯದ ಮೊಲಗಳಲ್ಲಿ ಕಂಡ ಅಳತೆಯ ಸಮಸ್ಯೆ ಔಷಧದೊಂದಿಗೆ ಆಸ್ಪತ್ರೆಗಳಿಗೂ ಬಂದಿತು. ಪ್ರೋಥ್ರಾಂಬಿನ್ ಕಾಲವು ಬಳಸಿದ ಥ್ರಾಂಬೋಪ್ಲಾಸ್ಟಿನ್ ಯಾವುದೆಂಬುದರ ಮೇಲೆ ಅವಲಂಬಿಸಿದೆ. ಒಬ್ಬನೇ ರೋಗಿಯ ಒಂದೇ ರಕ್ತಕ್ಕೆ ಎರಡು ಪ್ರಯೋಗಾಲಯಗಳು ಬೇರೆ ಬೇರೆ ಸೆಕೆಂಡುಗಳನ್ನು ಕೊಡುತ್ತಿದ್ದವು. ಬ್ರಿಟನ್ನಿನಲ್ಲಿ ಬಳಕೆಯಲ್ಲಿದ್ದ ಸಾರ ಹೆಚ್ಚು ಸೂಕ್ಷ್ಮವಾಗಿತ್ತು. ಅಮೆರಿಕದಲ್ಲಿದ್ದದ್ದು ಅಷ್ಟು ಸೂಕ್ಷ್ಮವಲ್ಲದ ಕಾರಣ, ಅದೇ ಗುರಿಯನ್ನು ಮುಟ್ಟಲು ಅಲ್ಲಿನ ರೋಗಿಗಳು ಹೆಚ್ಚು ವಾರ್ಫರಿನ್ ನುಂಗಿ ಹೆಚ್ಚು ರಕ್ತಸ್ರಾವಕ್ಕೆ ಗುರಿಯಾದರು. ವಿಶ್ವ ಆರೋಗ್ಯ ಸಂಸ್ಥೆಯು ೧೯೮೩ರಲ್ಲಿ ಅಂತರರಾಷ್ಟ್ರೀಯ ಸಾಮಾನ್ಯೀಕೃತ ಅನುಪಾತ, ಅಂದರೆ ಐಎನ್‌ಆರ್ ಎಂಬ ಸಮಾನ ಅಳತೆಯನ್ನು ಜಾರಿಗೆ ತಂದಿತು. ರೋಗಿಯ ಕಾಲವನ್ನು ಸಾಮಾನ್ಯ ಕಾಲದಿಂದ ಭಾಗಿಸಿ, ಬಳಸಿದ ಸಾರದ ಸೂಕ್ಷ್ಮತೆಗೆ ತಕ್ಕಂತೆ ತಿದ್ದಿದರೆ ಈ ಸಂಖ್ಯೆ ದೊರೆಯುತ್ತದೆ. ವಾರ್ಫರಿನ್ ಸೇವಿಸದ ಆರೋಗ್ಯವಂತರಲ್ಲಿ ಅದು ಸುಮಾರು ೧. ಹೃದಯದ ಲಯ ತಪ್ಪಿದವರಿಗೆ ಸಾಮಾನ್ಯವಾಗಿ ೨ರಿಂದ ೩, ಮಿಟ್ರಲ್ ಸ್ಥಾನದಲ್ಲಿ ಲೋಹದ ಕವಾಟವಿರುವವರಿಗೆ ೨.೫ರಿಂದ ೩.೫ ಗುರಿ.

ಬೆರಳ ತುದಿಯ ಒಂದು ಹನಿ ರಕ್ತದಿಂದ ಐಎನ್‌ಆರ್ ತೋರಿಸುವ ಕೈಹಿಡಿ ಉಪಕರಣಗಳು ಲಿಂಕ್ ಅವರ ನಿಧನಾನಂತರ ಬಂದವು. ಇವುಗಳಲ್ಲೂ ಕೆಲಸ ನಡೆಯುವುದು ಕ್ವಿಕ್ ಅವರ ತತ್ತ್ವದಂತೆಯೇ. ಪಟ್ಟಿಯ ಮೇಲೆ ಒಣಗಿಸಿ ಇಟ್ಟ ಥ್ರಾಂಬೋಪ್ಲಾಸ್ಟಿನ್ ರಕ್ತದೊಂದಿಗೆ ಬೆರೆತು ಹೆಪ್ಪುಗಟ್ಟುವ ಕ್ರಿಯೆಯನ್ನು ಆರಂಭಿಸುತ್ತದೆ. ಹಳೆಯ ಮಾದರಿಗಳಲ್ಲಿ ಕಬ್ಬಿಣದ ಕಣಗಳ ಚಲನೆ ನಿಲ್ಲುವುದನ್ನು ಗಮನಿಸುತ್ತಿದ್ದರು, ಈಚಿನವು ಥ್ರಾಂಬಿನ್ನಿನ ಚಟುವಟಿಕೆಯನ್ನು ವಿದ್ಯುತ್ ಸಂಕೇತವಾಗಿ ಗ್ರಹಿಸುತ್ತವೆ.

ಇವು ಎಷ್ಟು ನಂಬಲರ್ಹ ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ೨೦೦೭ರ ಐಎಸ್‌ಒ ಮಾನದಂಡದ ಪ್ರಕಾರ, ಐಎನ್‌ಆರ್ ೨ರಿಂದ ೪.೫ರ ನಡುವೆ ಇರುವಾಗ ನೂರರಲ್ಲಿ ತೊಂಬತ್ತು ಫಲಿತಾಂಶಗಳು ಪ್ರಯೋಗಾಲಯದ ಅಳತೆಯ ಶೇಕಡಾ ೩೦ರ ಒಳಗೆ ಇದ್ದರೆ ಸಾಕು. ಅಂದರೆ ಪ್ರಯೋಗಾಲಯದಲ್ಲಿ ೩ ಬಂದ ರಕ್ತಕ್ಕೆ ಉಪಕರಣ ೨.೧ ಅಥವಾ ೩.೯ ತೋರಿಸಿದರೂ ಅದು ಮಾನದಂಡದೊಳಗೇ ಇರುತ್ತದೆ. ವಾಸ್ತವದಲ್ಲಿ ಒಳ್ಳೆಯ ಉಪಕರಣಗಳು ಗುರಿಯ ವ್ಯಾಪ್ತಿಯಲ್ಲಿ ಇದಕ್ಕಿಂತ ಹತ್ತಿರವಾಗಿಯೇ ಅಳೆಯುತ್ತವೆ. ಐಎನ್‌ಆರ್ ಮೇಲೇರಿದಂತೆ ವ್ಯತ್ಯಾಸ ಹಿಗ್ಗುತ್ತದೆ. ಆದ್ದರಿಂದ ಬಹಳ ಹೆಚ್ಚಿನ ಸಂಖ್ಯೆ ಬಂದರೆ ರಕ್ತನಾಳದಿಂದ ರಕ್ತ ತೆಗೆಸಿ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳುವುದು ರೂಢಿ. ತೀವ್ರ ರಕ್ತಹೀನತೆ ಇರುವವರಲ್ಲಿ, ಕೆಂಪು ರಕ್ತಕಣಗಳು ವಿಪರೀತ ಹೆಚ್ಚಿರುವವರಲ್ಲಿ, ಲೂಪಸ್ ರೋಗದಲ್ಲಿ ಕಾಣುವಂಥ ಕೆಲವು ಪ್ರತಿಕಾಯಗಳುಳ್ಳವರಲ್ಲಿ ಉಪಕರಣದ ಅಂಕಿ ದಾರಿ ತಪ್ಪಿಸಬಹುದು. ಹನಿ ಸಾಲದೆಂದು ಬೆರಳನ್ನು ಬಲವಾಗಿ ಹಿಂಡಿದರೆ ಅಂಗಾಂಶದ ದ್ರವ ಬೆರೆತು ಅಳತೆ ಕೆಡುತ್ತದೆ.

ಉಪಕರಣವೇ ಕೈಕೊಟ್ಟ ಪ್ರಸಂಗಗಳೂ ಇವೆ. ಐಎನ್‌ರೇಷಿಯೋ ಎಂಬ ಉಪಕರಣವು ಕೆಲವು ರೋಗಿಗಳಲ್ಲಿ ನೈಜಕ್ಕಿಂತ ಕಡಿಮೆ ಸಂಖ್ಯೆ ತೋರಿಸುತ್ತಿದ್ದುದರಿಂದ ೨೦೧೪ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅದರ ಬಗ್ಗೆ ಹಿಂಪಡೆಯುವ ಪ್ರಕಟಣೆ ಹೊರಟಿತು. ೨೦೧೬ರಲ್ಲಿ ಅದನ್ನು ಮಾರುಕಟ್ಟೆಯಿಂದಲೇ ತೆಗೆಯಲಾಯಿತು. ಕಡಿಮೆ ಸಂಖ್ಯೆಯನ್ನು ನಂಬಿ ಮಾತ್ರೆ ಹೆಚ್ಚಿಸಿದರೆ ರಕ್ತಸ್ರಾವ ಉಂಟಾಗಬಹುದು. ವಾರ್ಫರಿನ್ ಅನ್ನು ಹೊಸ ಔಷಧ ರಿವರಾಕ್ಸಬಾನ್ ಜೊತೆ ಹೋಲಿಸಿ ೨೦೧೧ರಲ್ಲಿ ಪ್ರಕಟವಾದ, ಹದಿನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳ ರಾಕೆಟ್ ಎಎಫ್ ಅಧ್ಯಯನದಲ್ಲಿ ಇದೇ ಉಪಕರಣ ಬಳಕೆಯಾಗಿತ್ತು. ಹೀಗಾಗಿ ಆ ಹೋಲಿಕೆ ನ್ಯಾಯವಾಗಿತ್ತೇ ಎಂಬ ಪ್ರಶ್ನೆ ಎದ್ದಿತು. ಅಧ್ಯಯನಕಾರರು ಮರುವಿಶ್ಲೇಷಣೆ ನಡೆಸಿ ಫಲಿತಾಂಶ ಬದಲಾಗುವುದಿಲ್ಲವೆಂದು ತಿಳಿಸಿದರೂ ಚರ್ಚೆ ಕೂಡಲೇ ನಿಲ್ಲಲಿಲ್ಲ. ೨೦೧೮ರಲ್ಲಿ ಕೋಗುಚೆಕ್ ಉಪಕರಣದ ಕೆಲವು ಪಟ್ಟಿಗಳು ಇದಕ್ಕೆ ವಿರುದ್ಧವಾಗಿ, ಐಎನ್‌ಆರ್ ೪.೫ಕ್ಕಿಂತ ಮೇಲಿದ್ದಾಗ ನೈಜಕ್ಕಿಂತ ಹೆಚ್ಚು ತೋರಿಸುತ್ತಿದ್ದವು. ಪಟ್ಟಿಗಳ ಅಳತೆಗೋಲನ್ನು ಹೊಸ ಅಂತರರಾಷ್ಟ್ರೀಯ ಮಾದರಿಗೆ ಹೊಂದಿಸಿದ್ದೇ ಇದಕ್ಕೆ ಕಾರಣವಾಗಿತ್ತು. ಹೆಚ್ಚಿನ ಸಂಖ್ಯೆಯನ್ನು ನಂಬಿ ಮಾತ್ರೆ ಬಿಟ್ಟರೆ ಕರಣೆ ಕಟ್ಟುವ ಅಪಾಯವಿರುವುದರಿಂದ ಆ ಪಟ್ಟಿಗಳನ್ನೂ ಹಿಂಪಡೆಯಲಾಯಿತು.

ಹಾಗೆಂದು ಮನೆಯ ಅಳತೆ ನಿಷ್ಪ್ರಯೋಜಕವಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ೨,೯೨೨ ರೋಗಿಗಳನ್ನು ಒಳಗೊಂಡು ೨೦೧೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಮನೆಯಲ್ಲಿ ಅಳೆದುಕೊಂಡವರಿಗೂ ತಿಂಗಳಿಗೊಮ್ಮೆ ಚಿಕಿತ್ಸಾಲಯದಲ್ಲಿ ಅಳೆಸಿಕೊಂಡವರಿಗೂ ಪಾರ್ಶ್ವವಾಯು, ದೊಡ್ಡ ರಕ್ತಸ್ರಾವ, ಸಾವು ಇವುಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಗುರಿಯ ವ್ಯಾಪ್ತಿಯಲ್ಲಿ ಕಳೆದ ಕಾಲ ಮಾತ್ರ ಮನೆಯವರಲ್ಲಿ ಸ್ವಲ್ಪ ಹೆಚ್ಚಿತ್ತು. ಆ ಅಧ್ಯಯನಕ್ಕೆ ಆಯ್ಕೆಯಾದವರೆಲ್ಲ ಉಪಕರಣ ಬಳಸಲು ಸಮರ್ಥರೆಂದು ಮೊದಲೇ ಪರೀಕ್ಷೆಗೊಳಗಾಗಿದ್ದವರು ಎಂಬುದನ್ನು ಇಲ್ಲಿ ನೆನಪಿಡಬೇಕು.

ಐಎನ್‌ಆರ್ ಅಳತೆ ಬೇಡದ ಹೊಸ ಹೆಪ್ಪುರೋಧಕಗಳು ೨೦೧೦ರ ದಶಕದಲ್ಲಿ ಬಂದ ಮೇಲೆ ವಾರ್ಫರಿನ್ ಬಳಕೆ ಅನೇಕ ದೇಶಗಳಲ್ಲಿ ಇಳಿದಿದೆ. ಲೋಹದ ಕವಾಟಗಳ ವಿಷಯದಲ್ಲಿ ಹಾಗಾಗಿಲ್ಲ. ಅಂಥ ರೋಗಿಗಳಲ್ಲಿ ಡಾಬಿಗಾಟ್ರಾನ್ ಎಂಬ ಹೊಸ ಔಷಧವನ್ನು ಪರೀಕ್ಷಿಸಿದ ಅಧ್ಯಯನವನ್ನು ಕರಣೆಯ ಮತ್ತು ರಕ್ತಸ್ರಾವದ ಪ್ರಕರಣಗಳು ಹೆಚ್ಚಿದ್ದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಭಾರತದಲ್ಲಿ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟವರು, ಅವರಲ್ಲೂ ಯುವಕ ಯುವತಿಯರು, ಹೆಚ್ಚಾಗಿದ್ದಾರೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಇವರಿಗಾಗಿಯೇ ಕಡಿಮೆ ಬೆಲೆಯ ಕವಾಟವನ್ನು ರೂಪಿಸಿ ೧೯೯೦ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿತು. ಸಂಧಿವಾತ ಜ್ವರದ ಹೃದ್ರೋಗದೊಂದಿಗೆ ಲಯ ತಪ್ಪಿದ ಸುಮಾರು ನಾಲ್ಕೂವರೆ ಸಾವಿರ ರೋಗಿಗಳ ಮೇಲೆ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಇನ್‌ವಿಕ್ಟಸ್ ಅಧ್ಯಯನದಲ್ಲಿ, ವಾರ್ಫರಿನ್ ಗುಂಪಿನ ಔಷಧ ಪಡೆದವರಲ್ಲಿ ರಿವರಾಕ್ಸಬಾನ್ ಪಡೆದವರಿಗಿಂತ ಸಾವು ಕಡಿಮೆಯಿತ್ತು. ಮನೆಯ ಉಪಕರಣವೂ ಅದರ ಪಟ್ಟಿಗಳೂ ದುಬಾರಿಯಾದ್ದರಿಂದ ಇಂಥ ರೋಗಿಗಳಲ್ಲಿ ಬಹುಪಾಲು ಜನ ಊರಿನಿಂದ ನಗರದ ಪ್ರಯೋಗಾಲಯಕ್ಕೆ ಬಸ್ಸಿನಲ್ಲಿ ಬಂದು ರಕ್ತ ಕೊಟ್ಟು ಹೋಗುತ್ತಾರೆ.